ಕಸದ ಗುಡ್ಡದ ಬೆಂಕಿಗೆ ದಿನಗಟ್ಟಲೆ ನೀರು ಹೊಡೆದರೂ ಆರುವುದಿಲ್ಲ ಏಕೆ? ಮಣ್ಣು ಸುರಿಯುವುದು ಸರಿಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ವಾರವಾಗುತ್ತ ಬಂತು, ಹಗಲೂ ರಾತ್ರಿ ನೀರು ಹೊಡೆಯುತ್ತಿದ್ದಾರೆ, ಹೊಗೆ ಮಾತ್ರ ನಿಂತಿಲ್ಲ. ಈಗ ಮಣ್ಣು ಸುರಿಯುತ್ತೇವೆ ಅನ್ನುತ್ತಿದ್ದಾರೆ. ಇದು ಕೈಲಾಗದೆ ಮುಚ್ಚಿಹಾಕುವ ಕೆಲಸವಲ್ಲವೇ?

ಅಲ್ಲ. ಮಣ್ಣು ತರಿಸುತ್ತಿದ್ದಾರೆ ಅಂದರೆ ಕೆಲಸ ಈಗ ದಾರಿಗೆ ಬರುತ್ತಿದೆ ಅಂತಲೇ ತಿಳಿಯಿರಿ. ಕಸ ವಿಲೇವಾರಿ ತಾಣಗಳ ಸುರಕ್ಷತೆ ನನ್ನ ವೃತ್ತಿ. ಇಂಥ ಬೆಂಕಿಗಳ ಎದುರು ನಿಂತು ನನಗೆ ಖಚಿತವಾಗಿರುವ ಮಾತೊಂದಿದೆ: ದೊಡ್ಡ ಗುಡ್ಡದ ಬೆಂಕಿಯನ್ನು ಆರಿಸುವುದು ಹಿಟಾಚಿ, ಡೋಜರ್, ಟಿಪ್ಪರ್‌ಗಳು. ನೀರು ಬೇಕು, ಆದರೆ ಅದು ಈ ಯಂತ್ರಗಳು ಅಗೆದು ತೋರಿಸಿದ ಜಾಗಕ್ಕೆ ಹೋಗಬೇಕು. ಅಗ್ನಿಶಾಮಕ ವಾಹನವನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ ದೂರದಿಂದ ನೀರು ಚಿಮ್ಮಿಸಿದರೆ ನೋಡುವವರಿಗೆ ಸಮಾಧಾನ, ಒಳಗಿನ ಬೆಂಕಿಗೆ ಏನೂ ಆಗದು.

ಯಾಕೆ ಅಂದರೆ, ಗುಡ್ಡದೊಳಗೆ ಉರಿಯುತ್ತಿರುವುದು ಜ್ವಾಲೆಯಲ್ಲ. ವರ್ಷಗಟ್ಟಲೆ ಪದರ ಪದರವಾಗಿ ಬಿದ್ದು, ಮೇಲಿನ ಭಾರಕ್ಕೆ ಅದುಮಿಕೊಂಡ ಕಸದ ಆಳದಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಹಬ್ಬುತ್ತಿರುತ್ತದೆ. ಇಂಥ ಬೆಂಕಿಗೆ ಬೇಕಾದ ಗಾಳಿ ತೀರಾ ಕಡಿಮೆ. ಬಿರುಕಿನಲ್ಲಿ, ಹಳೆಯ ಟೈರಿನ ಪೊಳ್ಳಿನಲ್ಲಿ, ಒಡೆದ ಡಬ್ಬಗಳ ಸಂದಿಯಲ್ಲಿ ನುಸುಳಿ ಬರುವಷ್ಟೇ ಸಾಕು. ಇನ್ನು ನೀರಿನ ಕಥೆ ನೋಡಿ. ಕಸದ ಪದರಗಳಲ್ಲಿ ಎಲ್ಲೆಲ್ಲೂ ಪ್ಲಾಸ್ಟಿಕ್ ಹಾಳೆ, ಚೀಲ. ಒಂದೊಂದೂ ಕೊಡೆ ಹಿಡಿದಂತೆ ನೀರನ್ನು ಪಕ್ಕಕ್ಕೆ ತಿರುಗಿಸುತ್ತದೆ. ಸುರಿದ ನೀರು ತನಗೆ ಸುಲಭವಾದ ದಾರಿ ಹಿಡಿದು ಸೀದಾ ತಳಕ್ಕೆ ಇಳಿದುಬಿಡುತ್ತದೆ. ಎರಡು ಮಾರು ಆಚೆ ಕೆಂಡ ಹಾಗೇ ಇರುತ್ತದೆ. ಕೆಂಡಕ್ಕೆ ತಾಗಿದ ಅಷ್ಟಿಷ್ಟು ನೀರು ಆವಿಯಾಗಿ, ದ್ರವವಾಗಿದ್ದಾಗಿನ ಸುಮಾರು 1,700 ಪಟ್ಟು ಹಿಗ್ಗಿ, ಬಿಳಿ ಹೊಗೆಯಂತೆ ಮೇಲೇಳುತ್ತದೆ. ಅದನ್ನು ಕಂಡು ‘ಆರುತ್ತಿದೆ’ ಅಂದುಕೊಳ್ಳುವವರೇ ಹೆಚ್ಚು.

ಮೊದಲ ಕೆಲವು ಗಂಟೆಗಳ ಮಾತು ಬೇರೆ. ಆಗ ಬೆಂಕಿ ಇನ್ನೂ ಮೇಲ್ಪದರದಲ್ಲೇ, ಆ ದಿನ ಸುರಿದ ಸಡಿಲ ಕಸದಲ್ಲೇ ಇರುತ್ತದೆ. ಉರಿಯುವ ರಾಶಿಯನ್ನು ಡೋಜರ್‌ನಿಂದ ಬೋಳು ನೆಲಕ್ಕೆ ತಳ್ಳಿ, ತೆಳ್ಳಗೆ ಹರಡಿ, ನೀರು ಹೊಡೆದು, ಮಣ್ಣು ಎಳೆದರೆ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ಬೇಕಾದ ಮಣ್ಣಿನ ರಾಶಿ, ಯಂತ್ರ, ಅದನ್ನು ಓಡಿಸುವವರು ತಾಣದಲ್ಲೇ ಇರಬೇಕು. ರಾತ್ರಿ ಎರಡು ಗಂಟೆಗೆ ಬೆಂಕಿ ಕಂಡು, ಬೆಳಿಗ್ಗೆ ಹತ್ತಕ್ಕೆ ಯಂತ್ರ ಬಾಡಿಗೆಗೆ ಹುಡುಕಿದರೆ, ಗಂಟೆಗಳ ಬೆಂಕಿ ವಾರಗಳ ಬೆಂಕಿಯಾಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಬೆಂಕಿ ಹತ್ತುವ ಕಾರಣಗಳೇನೂ ಗುಟ್ಟಲ್ಲ: ಕಸದ ಲಾರಿಯಲ್ಲೇ ಬಂದ ಬಿಸಿ ಬೂದಿ, ಜಜ್ಜಿಹೋದ ಲಿಥಿಯಂ ಬ್ಯಾಟರಿ, ಲೋಹ ಆಯಲು ಹಚ್ಚಿದ ಕಿಡಿ, ಕೊಳೆಯುವಾಗ ಹುಟ್ಟುವ ಶಾಖ. ಎಲ್ಲ ಗೊತ್ತಿದ್ದೂ ಒಂದು ರಾಶಿ ಮಣ್ಣು ಕೂಡಿಡದ ತಾಣಗಳು ಎಷ್ಟೋ ಇವೆ.

ಈಗ ಮಣ್ಣಿನ ವಿಷಯ. ಗುಡ್ಡದ ಬೆಂಕಿ ಉಸಿರಾಡುವುದು ಬುಡದಿಂದ. ಬಿಸಿ ಅನಿಲ ನೆತ್ತಿಯ ಬಿರುಕುಗಳಿಂದ ಮೇಲೇರುತ್ತಿದ್ದಂತೆ ಕೆಳಗಿನ ಇಳಿಜಾರಿನ ಕಡೆಯಿಂದ ತಣ್ಣನೆಯ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹೀಗಾಗಿ ಹೊಗೆ ಬರುವ ಬಾಯಿಯನ್ನಷ್ಟೇ ಮುಚ್ಚಿದರೆ ಅದು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಗಾಳಿ ಒಳಹೋಗುವ ಬುಡ ಮತ್ತು ಇಳಿಜಾರುಗಳನ್ನೂ ಸೇರಿಸಿ ಮುಚ್ಚಬೇಕು. ಮಣ್ಣು ಜೇಡಿ ಗುಣದ್ದಾಗಿರಬೇಕು, ತುಸು ತೇವವಿರಬೇಕು, ಎರಡು ಮೂರು ಅಡಿ ದಪ್ಪ ಹಾಕಿ ಯಂತ್ರದಿಂದ ಅದುಮಬೇಕು. ಕಟ್ಟಡ ಒಡೆದ ಅವಶೇಷ, ಜಲ್ಲಿ, ಒಣ ಮರಳು ತಂದು ಸುರಿದರೆ ಗಾಳಿ ಸಲೀಸಾಗಿ ಓಡಾಡುತ್ತದೆ. ನಿಮ್ಮಲ್ಲಿಗೆ ಬರುವ ಟಿಪ್ಪರ್‌ಗಳಲ್ಲಿ ಏನಿದೆ ಅಂತ ಒಮ್ಮೆ ನೋಡಿ. ಮಣ್ಣು ಮುಚ್ಚುವುದರ ಮಿತಿಯನ್ನೂ ಹೇಳಿಬಿಡುತ್ತೇನೆ: ಕಸವೂ ಮಣ್ಣೂ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಬೆಂಕಿ ಸತ್ತರೂ ಒಳಗಿನ ಬಿಸಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಷ್ಟರಲ್ಲಿ ಎಲ್ಲಾದರೂ ಬಿರುಕು ಬಿಟ್ಟು ಗಾಳಿ ಸಿಕ್ಕರೆ ಮತ್ತೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಮುಚ್ಚಿದ ಮೇಲೆ ದಿನಾ ನಡೆದು ನೋಡಿ, ಬಿರುಕುಗಳಿಗೆ ಮಣ್ಣು ತುಂಬುವ ಕೆಲಸ ಇದ್ದೇ ಇದೆ. ಅದನ್ನು ಬಿಟ್ಟರೆ ಮಾತ್ರ ನೀವು ಹೇಳಿದ ‘ಮುಚ್ಚಿಹಾಕುವ’ ಮಾತು ನಿಜವಾಗುತ್ತದೆ.

ಆಳಕ್ಕಿಳಿದ ಬೆಂಕಿಯನ್ನು ಪೂರ್ತಿ ಮುಗಿಸಬೇಕೆಂದರೆ ಅಗೆಯಲೇಬೇಕು. ಮೊದಲು ಉರಿಯುವ ಭಾಗವನ್ನು ಉಳಿದ ಗುಡ್ಡದಿಂದ ಬೇರ್ಪಡಿಸುತ್ತಾರೆ: ಸುತ್ತ ಕಂದಕ ತೋಡಿ, ತೋಡಿದ ಬೆನ್ನಿಗೇ ಮಣ್ಣು ತುಂಬುತ್ತಾರೆ. ತೆರೆದ ಕಂದಕವನ್ನು ಹಾಗೇ ಬಿಟ್ಟರೆ ಗಾಳಿಗೆ ನಾವೇ ಬಾಗಿಲು ತೆಗೆದಂತೆ. ಆಮೇಲೆ ಪಕ್ಕದಲ್ಲಿ ಒಂದಷ್ಟು ಜಾಗ ಸಮತಟ್ಟು ಮಾಡಿ, ಸುತ್ತ ಮಣ್ಣಿನ ಬದು ಕಟ್ಟಿಕೊಳ್ಳಬೇಕು. ಹಿಟಾಚಿ ಒಂದು ಬಕೆಟ್ ಕಸ ಎತ್ತಿದಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಮೊದಲು ಬರಿ ಕಪ್ಪು ಉಂಡೆ, ಸ್ವಲ್ಪ ಹಬೆ. ಬಕೆಟ್ ಮೇಲೇರಿ ಗಾಳಿ ಸೋಕಿದೊಡನೆ ಉಂಡೆಯ ಸೀಳಿನಲ್ಲಿ ಕೆಂಪು ಮೂಡುತ್ತದೆ, ಕರಗಿದ ಪ್ಲಾಸ್ಟಿಕ್ ಎಳೆ ಎಳೆಯಾಗಿ ಜೋಲುತ್ತದೆ, ಮರುಕ್ಷಣ ಭಗ್ಗನೆ ಉರಿ. ನೀರಿನ ಪೈಪು ಅದೇ ಬಕೆಟ್ಟಿನ ಮೇಲೆ ಆಗಲೇ ನೆಟ್ಟಿರಬೇಕು. ಎತ್ತಿದ್ದನ್ನು ಬದುವಿನೊಳಗೆ ಅಡಿಯಷ್ಟು ದಪ್ಪಕ್ಕೆ ಹರಡಿ, ನೆನೆಸಿ, ತಿರುವಿ, ಮತ್ತೆ ನೆನೆಸಿ, ಥರ್ಮಲ್ ಕ್ಯಾಮೆರಾದಲ್ಲಿ ನೋಡಬೇಕು. ಒಂದು ರಾತ್ರಿಯಾದರೂ ಬಿಟ್ಟು, ಮತ್ತೆ ನೋಡಿ, ತಣ್ಣಗಿದ್ದರೆ ಮಾತ್ರ ಅದನ್ನು ಸ್ಥಳಾಂತರಿಸಿ ಅದುಮಿ ಮಣ್ಣು ಹಾಕುವುದು. ಕೈಲಿರುವ ನೀರಿಗೆ ಎಷ್ಟು ನೆನೆಸಲು ಸಾಧ್ಯವೋ ಅಷ್ಟನ್ನೇ ತೆರೆಯಬೇಕು. ಅವಸರಕ್ಕೆ ಐದಾರು ಯಂತ್ರ ಬಿಟ್ಟು ಗುಡ್ಡವನ್ನೆಲ್ಲ ಕೆದಕಿಸಿದರೆ ಒಂದೇ ಮಧ್ಯಾಹ್ನದಲ್ಲಿ ಹತೋಟಿ ತಪ್ಪುತ್ತದೆ.

ಈ ವಿಧಾನದ ಸ್ಪಷ್ಟ ಉದಾಹರಣೆ ಕೆನಡಾದ ಇಕಾಲುಯಿಟ್ ಪಟ್ಟಣದ್ದು. 2014ರ ಮೇ ತಿಂಗಳಲ್ಲಿ ಹೊತ್ತಿಕೊಂಡ ಅಲ್ಲಿನ ಕಸದ ರಾಶಿ ಸೆಪ್ಟೆಂಬರ್‌ವರೆಗೂ ಉರಿಯಿತು. ಕೊನೆಗೆ ಅದನ್ನು ಆರಿಸಿದ್ದು ಹೇಗೆ ಗೊತ್ತೇ? ಕಸವನ್ನು ಯಂತ್ರದಿಂದ ಬಿಡಿಬಿಡಿಯಾಗಿ ಕಿತ್ತು, ಸಮುದ್ರದ ನೀರು ತುಂಬಿದ ಹೊಂಡದಲ್ಲಿ ಅದ್ದಿ ಅದ್ದಿ ತೆಗೆದರು. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ರಂದು ಹತ್ತಿದ ಬೆಂಕಿ ಸುಮಾರು ಹನ್ನೆರಡು ದಿನ ಕಾಡಿತು. ಅಲ್ಲಿ ಹೆಲಿಕಾಪ್ಟರ್‌ಗಳಿಂದಲೂ ನೀರು ಸುರಿದರು. ಆದರೆ ಪದರಗಳ ಒಳಗೆ ನೀರು ಮುಟ್ಟಿದ್ದು ಯಂತ್ರಗಳಿಂದ ಕಸ ಅಗೆದು, ಆ ಗುಂಡಿಗಳಿಗೆ ನೀರು ಹಾಯಿಸಿದಾಗ. ಹೆಲಿಕಾಪ್ಟರ್ ಮೇಲ್ಮೈಯ ಜ್ವಾಲೆಯನ್ನು ತಗ್ಗಿಸಬಲ್ಲದು, ಮೀಟರುಗಟ್ಟಲೆ ಆಳದ ಕೆಂಡವನ್ನು ಅದು ತಲುಪುವುದಿಲ್ಲ.

ಅಗೆಯುವವರ ಜೀವದ ಮಾತು ಎಲ್ಲಕ್ಕಿಂತ ಮುಂಚೆ ಬರಬೇಕಿತ್ತು. ಒಳಗೆ ಉರಿದ ಕಡೆ ಪೊಳ್ಳು ಬೀಳುತ್ತದೆ. ಮೇಲೆ ಗಟ್ಟಿ ನೆಲದಂತೆ ಕಂಡರೂ ಕಾಲಿಟ್ಟರೆ, ಯಂತ್ರ ಹತ್ತಿದರೆ ಕುಸಿಯಬಹುದು. ಹೊಗೆ ಏಳುವ ಜಾಗದ ಮೇಲೆ ಪೈಪು ಹಿಡಿದು ನಡೆದುಹೋಗುವ ಸಿಬ್ಬಂದಿಯ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಉದ್ದ ತೋಳಿನ ಯಂತ್ರ ಗಟ್ಟಿ ಅಂಚಿನಲ್ಲಿ ನಿಂತು ಕೈ ಚಾಚಿ ಅಗೆಯಬೇಕು. ಅದು ಸಿಕ್ಕಿಕೊಂಡರೆ ಎಳೆಯಲು ಇನ್ನೊಂದು ಯಂತ್ರ ಸಿದ್ಧವಿರಬೇಕು. ಯಂತ್ರದವನಿಗೆ ಕೈಸನ್ನೆ ಮಾಡುವವನು, ಹೊಗೆ ತನ್ನತ್ತ ಬಾರದಂತೆ, ಗಾಳಿ ಬೀಸಿ ಬರುವ ಕಡೆ ನಿಲ್ಲಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು ಅನ್ನುವಷ್ಟರಲ್ಲಿ ತಡವಾಗಿರುತ್ತದೆ. ಕೊಳೆಯುವ ಕಸದ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್. ಗಾಳಿಯಲ್ಲಿ ಅದು ಶೇಕಡ 5ರಿಂದ 15ರಷ್ಟು ಬೆರೆತಾಗ ಕಿಡಿ ಸಾಕು, ಸಿಡಿಯುತ್ತದೆ. ಹೊಗೆಯಲ್ಲಿ ಕೆಲಸ ಮಾಡುವವರಿಗೆ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್ ಬೇಕು, ಬಟ್ಟೆಯ ಮುಖಗವಸು ಸಾಲದು. ಅಲ್ಲಿ ಏನೇನು ಸುರಿದಿದ್ದಾರೆ ಎಂಬ ದಾಖಲೆಯೂ ಬೇಕು. ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆಯ ಕಿಟ್ಟ ಹೂತಿದ್ದರೆ, ನೀರು ತಾಗಿದಾಗ ಅದೇ ಬಿಸಿಯೇರಿ ಹೈಡ್ರೋಜನ್ ಬಿಡುತ್ತದೆ.

ಅನಿಲ ಹೀರುವ ಕೊಳವೆಗಳಿರುವ ತಾಣವಾದರೆ ಇನ್ನೊಂದು ತೊಡಕು. ಕೊಳವೆ ಜೋರಾಗಿ ಹೀರಿದಷ್ಟೂ ಹೊರಗಿನ ಗಾಳಿಯನ್ನು ಕಸದೊಳಗೆ ಎಳೆದು ಬೆಂಕಿಗೆ ಉಣಿಸುತ್ತದೆ. ಬೆಂಕಿಯ ಹತ್ತಿರದವುಗಳ ಸೆಳೆತವನ್ನು ತಗ್ಗಿಸಬೇಕು ಅಥವಾ ನಿಲ್ಲಿಸಬೇಕು. ಹಾಗೆಂದು ಎಲ್ಲವನ್ನೂ ನಿಲ್ಲಿಸಿದರೆ ಅನಿಲ ಬೇರೆ ದಾರಿ ಹುಡುಕುತ್ತದೆ, ಅದಕ್ಕೆ ಪರಿಣತರು ಬೇಕು. ಅಮೆರಿಕದ ಸೇಂಟ್ ಲೂಯಿಸ್ ಬಳಿಯ ಬ್ರಿಡ್ಜ್‌ಟನ್ ತಾಣದಲ್ಲಿ ನೆಲದಡಿಯ ಬಿಸಿ ಬೆಳಕಿಗೆ ಬಂದದ್ದು 2010ರ ಡಿಸೆಂಬರ್‌ನಲ್ಲಿ. ಜ್ವಾಲೆ ಕಾಣದೆಯೇ ಅದು ವರ್ಷಗಟ್ಟಲೆ ಮುಂದುವರಿಯಿತು. ಪಕ್ಕದಲ್ಲೇ ವಿಕಿರಣಶೀಲ ತ್ಯಾಜ್ಯ ಹೂತಿದ್ದರಿಂದ ಸುತ್ತಲಿನ ಜನ ಅನುಭವಿಸಿದ ಭಯ ಸಣ್ಣದಲ್ಲ.

ಹೊಡೆದ ನೀರೆಲ್ಲ ಎಲ್ಲಿಗೆ ಹೋಗುತ್ತಿದೆ ಅಂತಲೂ ಕೇಳಿ. ಅದು ಕಪ್ಪು ಲೀಚೇಟ್, ಅಂದರೆ ಕಸದಿಂದ ಬಸಿದ ಕೊಳಕು ನೀರು, ಆಗಿ ಹೊರಬರುತ್ತದೆ. ಬದು ಕಟ್ಟಿ, ಹೊಂಡಕ್ಕೆ ಹರಿಸಿ, ತಿಳಿಯಾದ ಮೇಲೆ ಅದನ್ನೇ ಮತ್ತೆ ಬೆಂಕಿಗೆ ಬಳಸಿದರೆ ಕೆರೆ ಬಾವಿ ಉಳಿಯುತ್ತವೆ, ನೀರಿನ ಟ್ಯಾಂಕರ್‌ಗಳ ಓಡಾಟವೂ ತಗ್ಗುತ್ತದೆ.

ನೀವು ಹೊಗೆಯ ದಾರಿಯಲ್ಲಿದ್ದರೆ, ರಾತ್ರಿ ಮತ್ತು ಬೆಳಗಿನ ಜಾವದ ಬಗ್ಗೆ ಹೆಚ್ಚು ಎಚ್ಚರವಿರಲಿ. ಆಗ ತಣ್ಣಗಿನ ಗಾಳಿ ನೆಲಕ್ಕೆ ಒತ್ತಿಕೊಂಡಿರುವುದರಿಂದ ಹೊಗೆ ಮೇಲೇರದೆ ತಗ್ಗಿನಲ್ಲೇ ಮಡುಗಟ್ಟುತ್ತದೆ. ಎನ್‌95 ಮಾಸ್ಕ್ ಸೂಕ್ಷ್ಮ ಕಣಗಳನ್ನು ತಡೆಯುತ್ತದೆ, ಅನಿಲಗಳನ್ನು ತಡೆಯುವುದಿಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಬೆಂಕಿ ಆರುವ ತನಕ ಬೇರೆಡೆ ಹೋಗಿರುವುದೇ ಮೇಲು. ‘ನಾಳೆ ಆರುತ್ತದಂತೆ’ ಅಂತ ಕಾಯಬೇಡಿ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬರೆ ಬೆಂದಾಗ ಡಯಾಕ್ಸಿನ್ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಕೂರುವ ವಿಷ. ಹೊಗೆ ಇಳಿದ ಜಾಗದಲ್ಲಿ ಮೇಯುವ ದನಗಳ ಹಾಲು, ಕೆದಕಿ ತಿನ್ನುವ ಕೋಳಿಗಳ ಮೊಟ್ಟೆಯನ್ನು ಪರೀಕ್ಷೆ ಮಾಡಿಸಿ ಅಂತ ಒತ್ತಾಯಿಸಿ. ಮಳೆನೀರು ಹಿಡಿಯುವ ಪೈಪನ್ನು ತೊಟ್ಟಿಯಿಂದ ಬಿಡಿಸಿಡಿ.

‘ಬೆಂಕಿ ಪೂರ್ತಿ ಆರಿದೆ’ ಎಂಬ ಪ್ರಕಟಣೆ ಬಂದಾಗ ಹೊಗೆ ಇದೆಯೋ ಇಲ್ಲವೋ ನೋಡಬೇಡಿ, ಅಳತೆ ಕೇಳಿ. ಗುಡ್ಡದಲ್ಲಿ ಎಷ್ಟು ಕಡೆ, ಎಷ್ಟು ಆಳಕ್ಕೆ ತಾಪಮಾನದ ಸರಳು ಇಳಿಸಿದ್ದಾರೆ? ಬರಿ ಕೊಳೆಯುವಿಕೆಯಿಂದ ಕಸ ಬಿಸಿಯಾಗುವುದು ಸಹಜ. ಆದರೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸೂಕ್ಷ್ಮಜೀವಿಗಳ ಕೆಲಸವಲ್ಲ. ಒಳಗಿನ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ 1,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1,000 ಭಾಗ) ಮೀರಿದ್ದರೆ ಕೆಳಗೆ ಬೆಂಕಿ ಜೀವಂತವಾಗಿದೆ ಎಂದೇ ಲೆಕ್ಕ. ಈ ಎರಡು ಸಂಖ್ಯೆಗಳು ವಾರದಿಂದ ವಾರಕ್ಕೆ ಇಳಿಯುತ್ತಿವೆಯೇ ಎಂಬುದು ಮುಖ್ಯ. ನೆಲ ಇದ್ದಕ್ಕಿದ್ದಂತೆ ತಗ್ಗಾಗುವುದು, ಹೊಸ ಬಿರುಕು, ಒಂದೇ ಕಡೆ ಹುಲ್ಲು ಒಣಗುವುದು ಇವನ್ನೂ ಗಮನಿಸುತ್ತಿರಬೇಕು.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ ಆಗಬೇಕು. ಕಸದ ಇಳಿಜಾರು ನಿಲ್ಲುವುದು ಒಳಗಿನ ಪ್ಲಾಸ್ಟಿಕ್, ಬಟ್ಟೆ, ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ. ಬೆಂಕಿ ಆ ಹೆಣಿಗೆಯನ್ನೇ ಸುಟ್ಟಿರುತ್ತದೆ. ಇಂಡೋನೇಷ್ಯಾದ ಬಾಂಡುಂಗ್ ಬಳಿಯ ಲ್ಯೂವಿಗಾಜಾದಲ್ಲಿ 2005ರ ಫೆಬ್ರವರಿ 21ರಂದು ಜೋರು ಮಳೆಯ ನಂತರ ಕಸದ ಗುಡ್ಡ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ಒಳಗೊಳಗೇ ಉರಿಯುತ್ತಿದ್ದ ಬೆಂಕಿ ಆ ಇಳಿಜಾರನ್ನು ದುರ್ಬಲಗೊಳಿಸಿತ್ತು ಎಂದು ಅದನ್ನು ಅಧ್ಯಯನ ಮಾಡಿದವರು ಹೇಳಿದ್ದಾರೆ. ನಿಮ್ಮ ಗುಡ್ಡದ ಬುಡದಲ್ಲಿ ಗುಡಿಸಲುಗಳಿದ್ದರೆ, ಕಸ ಆಯುವವರು ಬೀಡುಬಿಟ್ಟಿದ್ದರೆ, ಅವರಿಗೆ ಬೇರೆ ಜಾಗ ಕೊಡಿಸಿ, ಇಳಿಜಾರನ್ನು ಅಳೆದು ತಗ್ಗಿಸಿ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಎಂದು ತಾಣ ನಡೆಸುವವರಿಗೆ ಈಗಲೇ ಬರೆದುಕೊಡಿ. ಸ್ವೀಕೃತಿ ಪಡೆದಿಟ್ಟುಕೊಳ್ಳಿ.