ದೇಶದ ಹೆಸರು ಕೊನೆಗೆ ಬರಲಿ

ಓದುಗರ ಪತ್ರ: ನನ್ನ ತಾಯಿಗೆ 67 ವರ್ಷ. ಎರಡೂ ಮಂಡಿಗಳು ಸವೆದಿವೆ; ಕೀಲು ಬದಲಿಸಬೇಕೆಂದು ವೈದ್ಯರು ಹೇಳಿ ವರ್ಷವಾಯಿತು. ನಾವಿರುವಲ್ಲಿ ಸರದಿ ಬರಲು ಇನ್ನೂ 14 ತಿಂಗಳು ಹಿಡಿಯುತ್ತದಂತೆ. ಒಬ್ಬ ಏಜೆಂಟರು ಥಾಯ್ಲೆಂಡ್, ಟರ್ಕಿ, ಜರ್ಮನಿ, ಈ ಮೂರು ದೇಶಗಳ ಪ್ಯಾಕೇಜುಗಳ ಪಟ್ಟಿ ಕಳಿಸಿದ್ದಾರೆ. ಎರಡೂ ಮಂಡಿ ಒಂದೇ ಸಲ ಮುಗಿಸಿ ಹತ್ತು ದಿನದಲ್ಲಿ ವಾಪಸು ಬರಬಹುದು ಎನ್ನುತ್ತಾರೆ. ಯಾವ ದೇಶ ಒಳ್ಳೆಯದು? ದಯವಿಟ್ಟು ಒಂದು ಹೆಸರು ಹೇಳಿ.

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನೂ ಅದರ ಜೊತೆ ಲಗತ್ತಿಸಿದ ಏಜೆಂಟರ ಪಟ್ಟಿಯನ್ನೂ ಓದಿದೆ. ಪಟ್ಟಿಯಲ್ಲಿ ದೇಶ, ಆಸ್ಪತ್ರೆ, ಕೋಣೆಯ ದರ್ಜೆ, ವಿಮಾನ ನಿಲ್ದಾಣದಿಂದ ಕರೆದೊಯ್ಯುವ ಕಾರು, ಜೊತೆಗೆ ಬರುವವರಿಗೆ ಹೋಟೆಲು, ಹೀಗೆ ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಮಂಡಿಗೆ ಕತ್ತರಿ ಹಾಕುವವರು ಯಾರು ಎಂಬುದಕ್ಕೆ ಮಾತ್ರ ಇಲ್ಲ. ನೀವು ಕೇಳಿದ ಒಂದು ಹೆಸರನ್ನು ನಾನು ಹೇಳದಿರುವುದಕ್ಕೆ ಆ ಪಟ್ಟಿಯೇ ಕಾರಣ. ಒಂದೇ ಊರಿನ ಎರಡು ಆಸ್ಪತ್ರೆಗಳ ನಡುವೆ, ಕೆಲವೊಮ್ಮೆ ಒಂದೇ ಆಸ್ಪತ್ರೆಯ ಇಬ್ಬರು ಶಸ್ತ್ರಚಿಕಿತ್ಸಕರ ನಡುವೆ ಇರುವ ಅಂತರ, ಎರಡು ದೇಶಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಹುದು. ಹಾಗೆಂದು ದೇಶ ಲೆಕ್ಕಕ್ಕೇ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಲೆಕ್ಕಕ್ಕೆ ಬರುವ ಜಾಗಗಳು ಬೇರೆ ಇವೆ, ಅವು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ನನ್ನ ಮಟ್ಟಿಗೆ ಮೊದಲ ಪ್ರಶ್ನೆ, ಆಪರೇಷನ್ ಆದ ನಲವತ್ತನೆಯ ದಿನ ನಿಮ್ಮ ತಾಯಿಯ ಮಂಡಿಯನ್ನು ಮುಟ್ಟಿ ನೋಡುವವರು ಯಾರು ಎಂಬುದು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಒಂದೂವರೆ, ಎರಡು ಗಂಟೆಯ ಕೆಲಸ, ಕಷ್ಟಸುಖವೆಲ್ಲ ಆಮೇಲಿನದು. ಹೊಲಿಗೆ ಬಿಚ್ಚುವುದೇ ಸುಮಾರು ಎರಡು ವಾರಕ್ಕೆ, ಪ್ಯಾಕೇಜಿನ ಹತ್ತು ದಿನ ಮುಗಿಯುವುದು ಅದಕ್ಕೂ ಮುಂಚೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಆಪರೇಷನ್ ಆದ ಮೇಲೂ ಹಲವು ವಾರ ಇರುತ್ತದೆ, ಅದನ್ನು ತಡೆಯುವ ಔಷಧವನ್ನು ಕೆಲವರಿಗೆ 35 ದಿನಗಳವರೆಗೂ ಕೊಡುತ್ತಾರೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕದಲದೆ ಕುಳಿತರೆ ಆರೋಗ್ಯವಂತರಲ್ಲೂ ಈ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲೇ ಹೇಳಿತ್ತು. ಹಾಗಿರುವಾಗ ಹೊಸ ಮಂಡಿಯೊಂದಿಗೆ ಹನ್ನೊಂದನೆಯ ದಿನ ವಿಮಾನ ಹತ್ತಿಸುವ ಯೋಜನೆಯನ್ನು ಶಸ್ತ್ರಚಿಕಿತ್ಸಕರು ಒಪ್ಪಿದ್ದಾರೆಯೋ, ಹೋಟೆಲು ಕಾದಿರಿಸುವವರು ಹಾಕಿದ್ದಾರೆಯೋ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಿರಿ.

ಸೋಂಕಿನ ವಿಷಯ ಇನ್ನೂ ಸೂಕ್ಷ್ಮ. ಲೋಹದ ಕೀಲಿನ ಮೇಲೆ ಕುಳಿತ ಬ್ಯಾಕ್ಟೀರಿಯಾಗಳು ದಿನ ಕಳೆದಂತೆ ತಮ್ಮ ಸುತ್ತ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ, ಆ ಪದರದೊಳಕ್ಕೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ ಗೊತ್ತಾದರೆ ಗಾಯ ಬಿಚ್ಚಿ, ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಿಸಿ ಕೀಲನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ತಡವಾದರೆ ಇಡೀ ಕೀಲನ್ನು ತೆಗೆದು, ಔಷಧ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಕೂರಿಸಿ, ವಾರಗಟ್ಟಲೆ ಕಾದು, ಮತ್ತೊಮ್ಮೆ ಆಪರೇಷನ್ ಮಾಡಬೇಕಾಗಬಹುದು. ಹದಿನೆಂಟನೆಯ ದಿನ ಗಾಯದಿಂದ ನೀರು ಒಸರತೊಡಗಿತು ಎಂದುಕೊಳ್ಳಿ. ನಿಮ್ಮ ತಾಯಿ ಆಗ ಮನೆಯಲ್ಲಿರುತ್ತಾರೆ, ಆಪರೇಷನ್ ಮಾಡಿದವರು ಸಾವಿರಾರು ಕಿಲೋಮೀಟರ್ ದೂರದಲ್ಲಿ. ಮೊಬೈಲಿನಲ್ಲಿ ತೆಗೆದ ಚಿತ್ರ ನೋಡಿ ಅವರು ಹೇಳಬಹುದಾದದ್ದು ಸ್ವಲ್ಪವೇ. ಸ್ಥಳೀಯ ವೈದ್ಯರಿಗೆ ಬೇರೆಯವರು ಕೂರಿಸಿದ ಕೀಲಿಗೆ ಕೈಹಾಕಲು ಹಿಂಜರಿಕೆ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ನಿಮ್ಮೂರಿನ ಒಬ್ಬ ಮೂಳೆ ವೈದ್ಯರನ್ನು ಕಂಡು, ‘ಹೀಗೆ ಹೋಗಿ ಬರುತ್ತಿದ್ದೇವೆ, ಬಂದ ಮೇಲೆ ನೀವು ನೋಡಿಕೊಳ್ಳುತ್ತೀರಾ?’ ಎಂದು ನೇರವಾಗಿ ಕೇಳಿ. ಒಪ್ಪುವವರು ಸಿಗದಿದ್ದರೆ, ಮೂರೂ ದೇಶಗಳನ್ನು ಬಿಟ್ಟು ಸರದಿಯಲ್ಲೇ ಇರುವುದು ಮೇಲೆಂದು ನಾನು ಹೇಳುತ್ತೇನೆ. ವಿದೇಶದ ಆಸ್ಪತ್ರೆಯಲ್ಲಿ ಮಲಗಿ ಬಂದವರನ್ನು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಗಾಗಿ ಪರೀಕ್ಷಿಸಿ, ಫಲಿತಾಂಶ ಬರುವವರೆಗೆ ಪ್ರತ್ಯೇಕ ಕೋಣೆಯಲ್ಲಿಡುವ ಪದ್ಧತಿ ನೆದರ್ಲೆಂಡ್ಸಿನಂಥ ದೇಶಗಳಲ್ಲಿದೆ. ಹಾಗೆ ಮಾಡಿದರೆ ಗಾಬರಿಪಡಬೇಡಿ.

ವಿಮಾನದ ಮಾತು ಬಂದದ್ದರಿಂದ ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ ಕಣ್ಣಿನ ಅಕ್ಷಿಪಟಲ ಕಳಚಿದ್ದಕ್ಕೆ ಹೊರದೇಶದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡ. ಪಟಲವನ್ನು ಒತ್ತಿಹಿಡಿಯಲು ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿ, ವಿಮಾನ ಹತ್ತಬಾರದೆಂದು ಬರೆದ ಹಸಿರು ಪಟ್ಟಿಯೊಂದನ್ನು ಮುಂಗೈಗೆ ಕಟ್ಟಿದ್ದರು. ಐದನೆಯ ದಿನದ ವಾಪಸು ಟಿಕೆಟ್ಟನ್ನು ಆಸ್ಪತ್ರೆಯ ವಿದೇಶಿ ರೋಗಿಗಳ ವಿಭಾಗವೇ ತೆಗೆದುಕೊಟ್ಟಿತ್ತು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಮಾತ್ರ ಇರುತ್ತದೆ. ಅಲ್ಲಿ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರಿದರೆ ದೃಷ್ಟಿಯೇ ಹೋಗಬಹುದು. ಅನಿಲ ಯಾವುದು ಎಂಬುದರ ಮೇಲೆ ಎರಡರಿಂದ ಎಂಟು ವಾರ ಕಾಯಬೇಕು. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿದ್ದ ಹುಡುಗಿ ಆ ಹಸಿರು ಪಟ್ಟಿಯನ್ನು ಓದಿ ಇವನನ್ನು ಹತ್ತಿಸಲು ನಿರಾಕರಿಸಿದ್ದರಿಂದ ಕಣ್ಣು ಉಳಿಯಿತು. ಶಸ್ತ್ರಚಿಕಿತ್ಸಕರು ತಪ್ಪು ಮಾಡಿರಲಿಲ್ಲ, ಟಿಕೆಟ್ ತೆಗೆದವರೂ ತಮ್ಮ ಕೆಲಸ ಮಾಡಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೆ. ಮಂಡಿಗೆ ಈ ನಿರ್ದಿಷ್ಟ ತೊಂದರೆ ಇಲ್ಲದಿದ್ದರೂ ಪ್ಯಾಕೇಜ್ ಎಂಬ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಆ ಹಸಿರು ಪಟ್ಟಿಯೇ ನೆನಪಾಗುತ್ತದೆ.

ಇನ್ನು ದೇಶ ನಿಜವಾಗಿ ಲೆಕ್ಕಕ್ಕೆ ಬರುವ ಜಾಗಕ್ಕೆ ಬರೋಣ. ಕೂರಿಸಿದ ಕೀಲುಗಳ ಲೆಕ್ಕವನ್ನು ದೇಶವೇ ಇಡುತ್ತದೆಯೇ ಎಂದು ನೋಡಿ. ಸ್ವೀಡನ್ 1975ರಿಂದ ಮಂಡಿ ಕೀಲುಗಳ ರಾಷ್ಟ್ರೀಯ ನೋಂದಣಿಯನ್ನು ನಡೆಸುತ್ತಿದೆ, ಆಸ್ಟ್ರೇಲಿಯಾದಲ್ಲಿ ಅಂಥದ್ದು 1999ರಿಂದ ಇದೆ. ಯಾವ ಮಾದರಿಯ ಕೀಲು ಎಷ್ಟು ವರ್ಷ ಬಾಳುತ್ತದೆ, ಎಷ್ಟನ್ನು ಮತ್ತೆ ಬಿಚ್ಚಿ ಸರಿಪಡಿಸಬೇಕಾಯಿತು ಎಂಬುದು ಅಲ್ಲಿ ವರ್ಷವರ್ಷವೂ ಪ್ರಕಟವಾಗುತ್ತದೆ. ಲೋಹದ ಮೇಲೆ ಲೋಹ ಉಜ್ಜುವ ಒಂದು ಮಾದರಿಯ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡದ್ದು, ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಇಂಥ ನೋಂದಣಿಗಳು ಅದರ ವೈಫಲ್ಯವನ್ನು ಎತ್ತಿ ತೋರಿಸಿದ ಮೇಲೆ. ನಿಮ್ಮ ಪಟ್ಟಿಯಲ್ಲಿರುವ ಜರ್ಮನಿಯಲ್ಲಿ 2012ರಿಂದ ಕೀಲುಗಳ ನೋಂದಣಿ ಇದೆ, ಮಂಡಿ ಕೀಲು ಬದಲಿಸುವ ಆಸ್ಪತ್ರೆ ವರ್ಷಕ್ಕೆ ಕನಿಷ್ಠ 50 ಇಂಥ ಶಸ್ತ್ರಚಿಕಿತ್ಸೆ ಮಾಡಿರಬೇಕೆಂಬ ನಿಯಮವೂ ಇದೆ. ಕೈ ಎಷ್ಟು ಪಳಗಿದೆಯೋ ಕೆಲಸ ಅಷ್ಟು ಹಸನು ಎಂಬುದು ಈ ಶಸ್ತ್ರಚಿಕಿತ್ಸೆಯಲ್ಲಿ ಅಕ್ಷರಶಃ ನಿಜ. ಯಾವ ದೇಶಕ್ಕೇ ಹೋಗಿ, ‘ಕಳೆದ ವರ್ಷ ನೀವು ಸ್ವತಃ ಎಷ್ಟು ಮಂಡಿ ಮಾಡಿದಿರಿ, ಅವುಗಳಲ್ಲಿ ಎಷ್ಟಕ್ಕೆ ಸೋಂಕು ತಗುಲಿತು?’ ಎಂದು ಕೇಳಿ. ಪಳಗಿದವರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಏಜೆಂಟರು ಮೂರೂ ಆಸ್ಪತ್ರೆಗಳ ಮುಂದೆ ‘ಜೆಸಿಐ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಜಾಯಿಂಟ್ ಕಮಿಷನ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಸ್ಥೆ ಕೊಡುವ ಮಾನ್ಯತೆ ಅದು. 1999ರಲ್ಲಿ ಬ್ರೆಜಿಲ್‌ನ ಆಸ್ಪತ್ರೆಯೊಂದಕ್ಕೆ ಮೊದಲು ಸಿಕ್ಕಿತು, 2002ರಲ್ಲಿ ಬ್ಯಾಂಕಾಕಿನ ಬುಮ್ರುಂಗ್ರಾದ್ ಆಸ್ಪತ್ರೆಯ ಮೂಲಕ ಏಷ್ಯಾಕ್ಕೆ ಬಂತು. ಕೈತೊಳೆಯುವ ಶಿಸ್ತು, ಕೊಯ್ಯಬೇಕಾದ ಕಾಲಿನ ಮೇಲೆ ಮೊದಲೇ ಗುರುತು ಹಾಕುವುದು, ಔಷಧಗಳನ್ನು ಅದಲುಬದಲಾಗದಂತೆ ಇಡುವುದು ಮುಂತಾದ ವ್ಯವಸ್ಥೆಗಳನ್ನು ಅದು ಪರಿಶೀಲಿಸುತ್ತದೆ. ಇರುವುದು ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ಸಿಗುವ ಮಾನ್ಯತೆ, ನಿಮ್ಮ ತಾಯಿಯನ್ನು ನೋಡುವ ಶಸ್ತ್ರಚಿಕಿತ್ಸಕರಿಗೆ ಸಿಕ್ಕಿದ್ದಲ್ಲ. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಸದ್ಯಕ್ಕೆ ಇದೆಯೇ ಇಲ್ಲವೇ ಎಂಬುದನ್ನು ಸಂಸ್ಥೆಯ ಜಾಲತಾಣದಲ್ಲೇ ನೋಡಬಹುದು.

ಹೊರದೇಶದಲ್ಲಿ ಕೀಲು ಹಾಕಿಸಿಕೊಂಡು ಬಂದವರು ತಪ್ಪದೆ ತರಬೇಕಾದ, ಹೆಚ್ಚಿನವರು ಮರೆತು ಬರುವ ಒಂದು ವಸ್ತುವಿದೆ. ಕೃತಕ ಮಂಡಿಯಲ್ಲಿ ತೊಡೆಯ ಮೂಳೆಗೆ ಕೂರುವ ಲೋಹದ ಟೊಪ್ಪಿ, ಕೆಳಗಿನ ಮೂಳೆಯ ಮೇಲಿನ ತಟ್ಟೆ, ಎರಡರ ನಡುವಿನ ಪ್ಲಾಸ್ಟಿಕ್ ತುಂಡು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬರುತ್ತವೆ. ಪ್ರತಿ ಪೆಟ್ಟಿಗೆಯಲ್ಲೂ ಕಿತ್ತು ಅಂಟಿಸಬಹುದಾದ ಸಣ್ಣ ಸ್ಟಿಕರುಗಳಿರುತ್ತವೆ. ತಯಾರಕರ ಹೆಸರು, ಮಾದರಿ, ಅಳತೆ, ಲಾಟ್ ಸಂಖ್ಯೆ ಅದರಲ್ಲಿರುತ್ತದೆ. ಥಿಯೇಟರಿನ ನರ್ಸ್ ಅವನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಆ ಪುಟದ ಪ್ರತಿಯನ್ನು ಕೇಳಿ ಪಡೆಯಿರಿ. ಹತ್ತು ವರ್ಷದ ಮೇಲೆ ಪ್ಲಾಸ್ಟಿಕ್ ತುಂಡು ಸವೆದು ಅದೊಂದನ್ನೇ ಬದಲಿಸಬೇಕಾಗಿ ಬಂದರೆ, ಆ ಸ್ಟಿಕರ್ ಇಲ್ಲದ ವೈದ್ಯರು ಎಕ್ಸ್‌ರೇ ನೋಡಿ ಯಾವ ಕಂಪನಿಯ ಯಾವ ಅಳತೆ ಇರಬಹುದೆಂದು ಊಹಿಸುತ್ತ ಕೂರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದ 2017ರ ವೈದ್ಯಕೀಯ ಸಾಧನಗಳ ನಿಯಮವು ಕೃತಕ ಕೀಲಿನ ಜೊತೆ ರೋಗಿಗೆ ಒಂದು ಕಾರ್ಡನ್ನೇ ಕೊಡಬೇಕೆಂದು ಹೇಳುತ್ತದೆ. ಉಳಿದ ಕಡೆ ನೀವೇ ಬಾಯಿಬಿಟ್ಟು ಕೇಳಬೇಕು.

ಹಣದ ವಿಷಯದಲ್ಲಿ, ನೀವು ಯಾವ ದೇಶದಲ್ಲಿದ್ದೀರಿ ಎಂದು ಬರೆದಿಲ್ಲ. ಯುರೋಪಿಯನ್ ಒಕ್ಕೂಟದೊಳಗೆ ಇದ್ದರೆ ಏಜೆಂಟರ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ಆರೋಗ್ಯ ವಿಮೆಯ ಕಚೇರಿಗೆ ಹೋಗಿ. ಸೊಂಟದ ಕೀಲಿಗಾಗಿ ಸರದಿಯಲ್ಲಿ ಕಾಯಲಾರದೆ 2003ರಲ್ಲಿ ಫ್ರಾನ್ಸಿಗೆ ಹೋಗಿ ಚಿಕಿತ್ಸೆ ಪಡೆದ ಬ್ರಿಟನ್ನಿನ ಮಹಿಳೆಯೊಬ್ಬರು ಖರ್ಚು ಮರಳಿ ಕೊಡಿ ಎಂದು ದಾವೆ ಹೂಡಿದ್ದರು. ರೋಗಿಯ ಸ್ಥಿತಿಗೆ ವೈದ್ಯಕೀಯವಾಗಿ ಒಪ್ಪಬಹುದಾದ ಅವಧಿಗಿಂತ ಸರದಿ ಉದ್ದವಿದ್ದರೆ ಹೊರಗಿನ ಚಿಕಿತ್ಸೆಗೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2006ರಲ್ಲಿ ಹೇಳಿತು. ಬ್ರಿಟನ್ ಆಗ ಒಕ್ಕೂಟದಲ್ಲಿತ್ತು. ಒಕ್ಕೂಟದ 2011ರ ನಿರ್ದೇಶನದಲ್ಲಿ ಈ ಹಕ್ಕುಗಳು ಇನ್ನೂ ಸ್ಪಷ್ಟವಾದವು. ಒಕ್ಕೂಟದ ಹೊರಗಿದ್ದರೆ ಸಾಮಾನ್ಯ ಪ್ರವಾಸ ವಿಮೆಯನ್ನು ನಂಬಬೇಡಿ, ಚಿಕಿತ್ಸೆಗೆಂದೇ ಹೊರಟವರ ಖರ್ಚನ್ನು ಅದು ಸಾಮಾನ್ಯವಾಗಿ ಭರಿಸುವುದಿಲ್ಲ.

ಏಜೆಂಟರನ್ನು ನಾನು ಕೆಟ್ಟವರೆನ್ನುತ್ತಿಲ್ಲ. ಆದರೆ ಅವರಿಗೆ ಕಮಿಷನ್ ಬರುವುದು ಹೆಚ್ಚಾಗಿ ಆಸ್ಪತ್ರೆಯಿಂದ. ಟರ್ಕಿಯಲ್ಲಿ 2017ರ ನಿಯಮದ ಪ್ರಕಾರ ವಿದೇಶಿ ರೋಗಿಗಳನ್ನು ಕರೆತರುವ ಆಸ್ಪತ್ರೆಗೂ ಮಧ್ಯವರ್ತಿ ಸಂಸ್ಥೆಗೂ ಆರೋಗ್ಯ ಸಚಿವಾಲಯದ ಅಧಿಕಾರಪತ್ರ ಬೇಕು. ಆ ಪತ್ರವನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಎಡವಟ್ಟಾದರೆ ಯಾವ ದೇಶದ ಯಾವ ನ್ಯಾಯಾಲಯದಲ್ಲಿ, ಯಾವ ಭಾಷೆಯಲ್ಲಿ ದೂರು ಕೊಡಬೇಕೆಂಬುದು ನೀವು ಸಹಿ ಹಾಕುವ ಒಪ್ಪಂದದ ಕೊನೆಯ ಪುಟಗಳಲ್ಲಿ ಇರುತ್ತದೆ, ಸಹಿಗೆ ಮೊದಲು ಓದಬೇಕಾದದ್ದು ಅದೇ. ಒಪ್ಪಿಗೆ ಪತ್ರ ಬರೆಸಿಕೊಳ್ಳುವಾಗ ಆಸ್ಪತ್ರೆಯ ದುಭಾಷಿ ಪಕ್ಕದಲ್ಲಿರಲಿ, ಏಜೆಂಟರ ಅನುವಾದವನ್ನು ನೆಚ್ಚಬೇಡಿ.

ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಸಿವಿಸಿಯಾದದ್ದು ‘ಎರಡೂ ಮಂಡಿ ಒಂದೇ ಸಲ’ ಎಂಬ ಮಾತಿನಿಂದ. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮಾಡುವ ಪದ್ಧತಿ ಇಲ್ಲದಿಲ್ಲ. ಗಟ್ಟಿಮುಟ್ಟಾದವರಿಗೆ ಒಮ್ಮೆಗೇ ಮುಗಿಯುವ ಅನುಕೂಲವೂ ಉಂಟು. ಆದರೆ ಹೃದಯಕ್ಕೆ ಬೀಳುವ ಹೊರೆ, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವ ಅಪಾಯ ಇವೆಲ್ಲ ಹೆಚ್ಚುತ್ತವೆ, ಆಮೇಲೆ ಊರಲು ಒಂದು ಗಟ್ಟಿ ಕಾಲೂ ಇರುವುದಿಲ್ಲ. ಒಂದು ಮಂಡಿ ಮಾಡಿಸಿದರೆ ಇನ್ನೊಂದಕ್ಕೆ ಮತ್ತೆ ಅಷ್ಟು ದೂರ ಹೋಗಬೇಕಲ್ಲ ಎಂಬ ಲೆಕ್ಕದಿಂದ ಈ ತೀರ್ಮಾನ ಹುಟ್ಟಿದ್ದರೆ, ವೈದ್ಯಕೀಯದ ಜಾಗದಲ್ಲಿ ಪ್ರಯಾಣ ಕೂತಿದೆ ಎಂದಾಯಿತು. ಹೃದಯ ತಜ್ಞರ ಅಭಿಪ್ರಾಯ ಪಡೆಯದೆ ಅದಕ್ಕೆ ಒಪ್ಪಬೇಡಿ. ಒಂದೊಂದಾಗಿ ಮಾಡಿಸುವುದಾದರೆ ಎರಡು ಸಲ ಹೋಗಿಬರಲು ಆಗುವಷ್ಟು ಹತ್ತಿರದ ದೇಶವೇ ಮೇಲು, ಆಗ ನಿಮ್ಮ ಮೂರು ಹೆಸರುಗಳಲ್ಲಿ ಒಂದೋ ಎರಡೋ ತಾವಾಗಿಯೇ ಬಿದ್ದುಹೋಗುತ್ತವೆ.

ಮಂಡಿ ಮತ್ತೆ ಚೆನ್ನಾಗಿ ಮಡಚುವಂತಾಗಲು ವಾರಗಟ್ಟಲೆ ನೋವು ತಿಂದು ವ್ಯಾಯಾಮ ಮಾಡಬೇಕು. ಅದನ್ನು ಮಾಡಿಸುವ ಫಿಸಿಯೋಥೆರಪಿಸ್ಟ್ ನಿಮ್ಮೂರಿನವರೇ ಆಗಿರಬೇಕು, ಆಪರೇಷನ್ನಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಪಟ್ಟಿಯ ಹತ್ತು ದಿನಗಳಲ್ಲಿ ಅದಕ್ಕೆ ಮೀಸಲಿರುವುದು ಮೂರು ದಿನ ಮಾತ್ರ.

ಇನ್ನೊಂದು ಸಂಗತಿ ಬಾಕಿ ಇದೆ. ನಿಮ್ಮ ಪತ್ರ ನಾಲ್ಕು ಪುಟವಿದ್ದರೂ, ತಾಯಿಗೆ ಎಡ ಮಂಡಿ ಹೆಚ್ಚು ನೋಯುತ್ತದೆಯೋ ಬಲ ಮಂಡಿಯೋ, ಮೆಟ್ಟಿಲು ಹತ್ತುವಾಗ ಯಾವ ಕಾಲನ್ನು ಮೊದಲು ಇಡುತ್ತಾರೆ, ಹೊರದೇಶಕ್ಕೆ ಹೋಗಲು ಅವರಿಗೆ ಮನಸ್ಸಿದೆಯೇ ಎಂಬುದು ಎಲ್ಲೂ ಬಂದಿಲ್ಲ. ಅವರನ್ನೇ ಕೂರಿಸಿಕೊಂಡು ಕೇಳಿ, ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ