ಶಿರಸಿಯ ಮಳೆ ಬಿಟ್ಟು ಗದಗಿನ ಬಿಸಿಲಿಗೆ ಹೋದರೆ ಉಬ್ಬಸ ಹೋಗುತ್ತದೆಯೇ?

ಮಳೆಗಾಲ ಪೂರ್ತಿ ಉಬ್ಬಸ, ರಾತ್ರಿ ನಿದ್ದೆ ಇಲ್ಲ, ಮನಸ್ಸಿಗೂ ಮಂಕು. ತೋಟ ಮಾರಿ, ಶಿರಸಿ ಬಿಟ್ಟು ಒಣ ಹವೆಯ ಧಾರವಾಡಕ್ಕೋ ಗದಗಿಗೋ ಹೋಗಿ ನೆಲೆಸಿದರೆ ಹೇಗೆ ಅಂತ ಕೇಳಿದ್ದೀರಿ. ಓದುವಾಗ ನಗು ಬಂತು, ತಪ್ಪು ತಿಳಿಯಬೇಡಿ. ಶಿರಸಿ ಅಂದಲ್ಲಿ ಕುಮಟೆ ಅಂತ ತಿದ್ದಿದರೆ ಇದು 2016ರಲ್ಲಿ ನಾನೇ ಹತ್ತು ಜನರನ್ನು ಕೇಳಿದ ಪ್ರಶ್ನೆ. ಹತ್ತೂ ಜನ "ಹೋಗು ಮಾರಾಯ" ಅಂದರು. ಅವರಲ್ಲಿ ಒಬ್ಬರಿಗೂ ದಮ್ಮಿನ ಕಾಯಿಲೆ ಇರಲಿಲ್ಲ.

ಕುಮಟೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಜೂನ್ ಬಂತೆಂದರೆ ಕಾಗದ ತೇವ ಹೀರಿ ಮೆತ್ತಗಾಗಿ, ಮಷೀನಿನೊಳಗೆ ಹೋಗಿ ಮುದುಡಿ ಕೂರುತ್ತಿತ್ತು. ರೀಮು ಬಿಚ್ಚಿ ಬಲ್ಬಿನ ಕೆಳಗೆ ಕಾಯಿಸಿ ಹಾಕುತ್ತಿದ್ದೆ. ಕಾಗದದ ಪಾಡೇ ನನ್ನ ಎದೆಗೂ. ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಬೀರುವಿನೊಳಗೆ ಮದುವೆಯ ಕೋಟಿಗೂ ಬೂಷ್ಟು. ಆಷಾಢ ಶ್ರಾವಣ ಎರಡೂ ತಿಂಗಳು ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಅದು. ಅದೇ ಮೋಡ ಘಟ್ಟ ಹತ್ತಿ, ಬರಿದಾಗಿ ಗದಗ ಮುಟ್ಟುವಾಗ ಉಳಿಯುವುದು ಆರುನೂರರ ಆಸುಪಾಸು. ಲೆಕ್ಕ ನೋಡಿದರೆ ನಾನು ಮಾಡಿದ್ದು ಸರಿಯೇ.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಡಿಟಿಪಿ ಬಲ್ಲವನಿಗೆ ಪ್ರೆಸ್ಸಿನಲ್ಲಿ ಕೆಲಸ ಸಿಗುವುದು ಕಷ್ಟವಾಗಲಿಲ್ಲ. ದೀಪಾವಳಿ ಮುಗಿಸಿ ನಾನೊಬ್ಬನೇ ಬಂದೆ. ಮಗಳು ಎಸ್ಸೆಸ್ಸೆಲ್ಸಿ, ಪರೀಕ್ಷೆ ಮುಗಿಯುವವರೆಗೆ ಅವಳು, ಹೆಂಡತಿ, ಆಯಿ ಎಲ್ಲ ಕುಮಟೆಯಲ್ಲೇ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದೆ. ಡಿಪಾಜಿಟ್ಟಿಗೆ ಅಂತ ಐನೂರರ ನೋಟು ಜೋಡಿಸಿಟ್ಟುಕೊಂಡಿದ್ದವನು, ನವೆಂಬರ್ 8ರ ರಾತ್ರಿ ಟಿವಿ ನೋಡಿ ತಲೆ ಮೇಲೆ ಕೈ ಹೊತ್ತೆ. ಅದು ಬೇರೆ ಕತೆ, ಮನೆ ಮಾಲೀಕರು ಒಳ್ಳೆಯವರು, ತಿಂಗಳು ಕಾದರು.

ಮೊದಲ ವಾರವೇ ಬೆರಗು. ಒದ್ದೆ ಟವೆಲ್ಲು ಹಗ್ಗಕ್ಕೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳದ ಹಾಗೆ ಗರಿಗರಿ. ಪ್ರೆಸ್ಸಿನಲ್ಲಿ ಕಾಗದ ಸಿಕ್ಕಿಕೊಳ್ಳುವ ಮಾತೇ ಇಲ್ಲ, ಒಣಗಿ ಕರೆಂಟು ಹಿಡಿದು ಹಾಳೆಗೆ ಹಾಳೆ ಅಂಟುತ್ತವೆ ಅಷ್ಟೇ. ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಅಂತ ಇರುತ್ತದಲ್ಲ, ನನ್ನಂಥವರ ದಮ್ಮಿಗೆ ದೊಡ್ಡ ಶತ್ರು ಅದೇ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವ ಶೇ. 50ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಒಣಗಿ ಸಾಯುತ್ತದೆ. ಹಾಗಾಗಿ ಒಣ ಹವೆಯಿಂದ ಗುಣ ಕಾಣುತ್ತದೆ ಅನ್ನುವುದು ಬರೀ ಅಜ್ಜಿಕತೆ ಅಲ್ಲ. ಸಂಕ್ರಾಂತಿಯ ಹೊತ್ತಿಗೆ ನಾನು ಮೂರನೇ ಮಹಡಿಯ ಮೆಟ್ಟಿಲನ್ನು ಶಿಳ್ಳೆ ಹಾಕುತ್ತ ಹತ್ತುತ್ತಿದ್ದೆ. ಎದೆಯಲ್ಲಿ ಶಿಳ್ಳೆ ಇರಲಿಲ್ಲ.

ಸಂಕ್ರಾಂತಿಯ ದಿನವೇ ಕಂದು ಇನ್ಹೇಲರ್ ಪಂಪು ಬಿಟ್ಟುಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಹತ್ತಿರ ಎರಡು ಪಂಪು ಇದ್ದವು. ನೀಲಿಯದು ಉಸಿರು ಕಟ್ಟಿದಾಗ ಎಳೆದರೆ ಐದು ನಿಮಿಷದಲ್ಲಿ ನಾಳ ಸಡಿಲಿಸುತ್ತದೆ. ಕಂದು ಬಣ್ಣದ್ದು ಬುಡೆಸೊನೈಡ್ ಅನ್ನುವ ಸ್ಟಿರಾಯ್ಡ್, ಬೆಳಿಗ್ಗೆ ಸಂಜೆ ಎಳೆದು ಬಾಯಿ ಮುಕ್ಕಳಿಸಬೇಕು. ಎಳೆದ ಕೂಡಲೇ ಏನೂ ಗೊತ್ತಾಗುವುದಿಲ್ಲ, ಒಳಗಿನ ಬಾವನ್ನು ಮೆಲ್ಲಗೆ ಇಳಿಸುತ್ತ ಹೋಗುತ್ತದೆ. ಬಿಟ್ಟರೂ ಕೂಡಲೇ ಏನೂ ಗೊತ್ತಾಗುವುದಿಲ್ಲ. ಮೋಸ ಇರುವುದೇ ಅಲ್ಲಿ. ಬಿಟ್ಟ ಮರುದಿನ ಉಬ್ಬಸ ಬಂದಿದ್ದರೆ ನಾನು ಬುದ್ಧಿ ಕಲಿಯುತ್ತಿದ್ದೆ. ಬರಲಿಲ್ಲ. ಒಂದು ವಾರ ಆರಾಮ, ಎರಡು ವಾರ ಆರಾಮ. ನೋಡಿದಿರಾ, ಊರೇ ಔಷಧ ಅಂದುಕೊಂಡೆ.

ಯಾಕೆ ಬಿಟ್ಟೆ ಅಂತ ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ದುಡ್ಡು ಉಳಿಯುತ್ತದೆ ಅಂತ? ತಿಂಗಳಿಗೆ ಎಷ್ಟು ಮಹಾ. ಸ್ಟಿರಾಯ್ಡ್ ಅನ್ನುವ ಹೆಸರಿನ ಭಯವೇ? ಅದೂ ಸ್ವಲ್ಪ ಇತ್ತು. ನಿಜವಾದ ಕಾರಣ ಬೇರೆ. ಊರು ಬಿಡುವಾಗ ಅಣ್ಣ, "ಅಂಗಡಿ ಮುಚ್ಚಿ ಮತ್ತೊಬ್ಬನ ಪ್ರೆಸ್ಸಿಗೆ ಆಳಾಗಿ ಹೋಗ್ತೆಯಾ" ಅಂದಿದ್ದ. ಪಂಪು ಎಳೆಯುತ್ತಲೇ ಇದ್ದರೆ ಊರು ಬಿಟ್ಟು ಬಂದು ಏನು ಸಾಧಿಸಿದ ಹಾಗಾಯಿತು? ನನಗೆ ಗುಣವಾಗುವುದಕ್ಕಿಂತ ಅಣ್ಣನ ಮುಂದೆ ಗೆಲ್ಲುವುದು ಮುಖ್ಯವಾಗಿತ್ತು. ಫೋನಿನಲ್ಲಿ ಆಯಿಗೆ ದಿನಾ ಅದೇ ವರದಿ: "ಒಂದು ಸಲವೂ ಉಬ್ಬಸ ಇಲ್ಲ, ಔಷಧವೂ ಇಲ್ಲ." ಫೆಬ್ರವರಿಯಲ್ಲಿ ಬೆಳಗಿನ ಜಾವ ಮೂರಕ್ಕೆ ಒಣಕೆಮ್ಮು ಶುರುವಾಯಿತು. ಚಳಿ ಇಳಿಯುವಾಗ ಬರುವ ಕೆಮ್ಮು ಅಂತ ನನಗೆ ನಾನೇ ಹೇಳಿಕೊಂಡು, ಬಿಸಿನೀರು ಕುಡಿದು ಮಲಗುತ್ತಿದ್ದೆ. ರಾತ್ರಿ ಹೊತ್ತಿನ ಆ ಕೆಮ್ಮೇ ದಮ್ಮಿನ ಮುನ್ಸೂಚನೆ ಅಂತ ಇಪ್ಪತ್ತು ವರ್ಷದ ರೋಗಿಯಾದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಯುಗಾದಿಯ ಹಿಂದಿನ ಭಾನುವಾರ. ಪ್ರೆಸ್ಸಿನ ಗೆಳೆಯನೊಬ್ಬ, "ಬರ್ರಿ ಸರ, ನಮ್ಮ ಹೊಲದಾಗ ರಾಶಿ ಐತಿ, ನಿಮ್ಮ ಕಡೆ ಇದನ್ನೆಲ್ಲಿ ನೋಡ್ತೀರಿ" ಅಂತ ಡಂಬಳದ ಕಡೆಯ ತನ್ನ ಎರೆ ಹೊಲಕ್ಕೆ ಕರೆದೊಯ್ದ. ಆ ವರ್ಷ ಬರ, ಜೋಳ ಕಮ್ಮಿ. ಧೂಳು ಮಾತ್ರ ಕಮ್ಮಿ ಇರಲಿಲ್ಲ. ಮಷೀನಿನ ಬಾಯಿಂದ ಹೊಟ್ಟು ಹಾರುತ್ತಿತ್ತು, ಬಿಸಿಲಿಗೆ ಚಿನ್ನದ ಪುಡಿಯ ಹಾಗೆ ಹೊಳೆಯುತ್ತಿತ್ತು, ಹಿಂದೆ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತಿತ್ತು. ಚಂದ ಅಂತ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಗಾಳಿಯ ಕೆಳಬದಿಯಲ್ಲೇ ನಿಂತೆ. ಜೋಳದ ಸುಂಕು ಕುತ್ತಿಗೆಗೆ ಬಿದ್ದು ತುರಿಸತೊಡಗಿತು. ಕಾಲು ಗಂಟೆಯಲ್ಲಿ ಮಾತಾಡುವಾಗ ಎರಡು ಶಬ್ದಕ್ಕೊಮ್ಮೆ ಉಸಿರು ತೆಗೆದುಕೊಳ್ಳುವ ಸ್ಥಿತಿ. ನೀಲಿ ಪಂಪು? ಕೋಣೆಯ ಗೂಡಿನಲ್ಲಿ, ದೇವರ ಫೋಟೊದ ಪಕ್ಕ. ಗುಣವಾದವನು ಪಂಪು ಇಟ್ಟುಕೊಂಡು ತಿರುಗುತ್ತಾನೆಯೇ!

"ಏನಾತ್ರೀ ಸರ, ತುಟಿ ನೀಲಿ ಆಗಾಕತ್ತಾವಲ್ರಿ" ಅಂದ ಅವನ ಅಪ್ಪ ಟಂಟಂ ಆಟೊ ಒಂದನ್ನು ಅಡ್ಡ ಹಾಕಿ ನಿಲ್ಲಿಸಿದರು. ಗದಗಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕಬ್ಬಿಣದ ಕಂಬಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದೆ, ಆ ಅಜ್ಜ ದಾರಿ ಪೂರ್ತಿ ನನ್ನ ಬೆನ್ನು ನೀವುತ್ತಿದ್ದರು. ಅವರ ಅಂಗೈ ಒರಟು ಇವತ್ತಿಗೂ ನೆನಪಿದೆ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಆಮ್ಲಜನಕ, ನೆಬುಲೈಸರ್, ಮೂವತ್ತೆಂಟು ಸಾವಿರ ರೂಪಾಯಿ.

ದುಡ್ಡು ಹೋದರೆ ಹೋಗಲಿ. ಯುಗಾದಿಗೆ ಊರಿಗೆ ಬರುತ್ತೇನೆ, ಹಬ್ಬ ಮುಗಿದ ಕೂಡಲೇ ಶುರುವಾಗುವ ಪರೀಕ್ಷೆಗೆ ನಾನೇ ಬಿಟ್ಟು ಬರುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ನಾನಂತೂ ಹೋಗಲಿಲ್ಲ, ಅವಳ ತಾಯಿಯೂ ರಾತ್ರೋರಾತ್ರಿ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. ಹುಡುಗಿ ಅಜ್ಜಿಯ ಕೈಯಲ್ಲಿ ಗಂಜಿ ಉಂಡು ಹೋಗಿ ಪರೀಕ್ಷೆ ಬರೆದಳು. ಅಂಕ ಚೆನ್ನಾಗಿಯೇ ಬಂದವು. ಆದರೂ ಆ ವರ್ಷದ ಮಾತು ಬಂದರೆ ಅವಳು ಎದ್ದು ಒಳಗೆ ಹೋಗುತ್ತಾಳೆ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಬೈಯಲಿಲ್ಲ. "ಹವೆ ನಿಮ್ಮ ರೋಗವನ್ನು ತೆಗೆದಿಲ್ಲ, ಕೆಣಕುವುದನ್ನು ಕಮ್ಮಿ ಮಾಡಿತ್ತು. ಉಳಿದದ್ದನ್ನು ಈ ಪಂಪು ಹಿಡಿದಿಟ್ಟಿತ್ತು. ನೀವು ಪೂರ್ತಿ ಶ್ರೇಯ ಊರಿಗೆ ಕೊಟ್ಟಿರಿ" ಅಂದರು. ಪಂಪು ಕಮ್ಮಿ ಮಾಡುವುದಿದ್ದರೆ ಪರೀಕ್ಷೆ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಡಾಕ್ಟರೇ ಇಳಿಸುತ್ತಾರೆ. ನನಗೆ ಮರುವರ್ಷ ಹಾಗೇ ಇಳಿಸಿದರು. ಈಗಲೂ ದಿನಕ್ಕೊಮ್ಮೆ ಎಳೆಯುತ್ತೇನೆ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಊದಿ ನೋಡುವ ಪುಟ್ಟ ಮೀಟರ್ ಇಟ್ಟುಕೊಂಡಿದ್ದೇನೆ. ನನ್ನ ಒಳ್ಳೆಯ ದಿನದ ಅಂಕಿ 420, ಅದು 340ಕ್ಕೆ ಬಂದರೆ ಅಣ್ಣನ ಮಾತು ನೆನಪಿಸಿಕೊಳ್ಳದೆ ಡಾಕ್ಟರಿಗೆ ಫೋನು ಹಚ್ಚುತ್ತೇನೆ.

ಇನ್ನು ನಿಮ್ಮ "ಯಾವ ಊರು" ಪ್ರಶ್ನೆ. ಒಣ ಹವೆ ಬೇಕೆಂದು ಧಾರವಾಡಕ್ಕೆ ಹೋಗುತ್ತೇನೆ ಅನ್ನುವುದೇ ನನಗೆ ಅರ್ಥವಾಗುವುದಿಲ್ಲ. ಧಾರವಾಡ ಮಲೆನಾಡಿನ ಸೆರಗು. ಜುಲೈಯಲ್ಲಿ ಅಲ್ಲಿ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಹಳೆ ಹಂಚಿನ ಮನೆಗಳ ಗೋಡೆ ನಿಮ್ಮ ಶಿರಸಿಯ ನೆಂಟರ ಹಾಗೇ ಕಾಣುತ್ತವೆ. ಪೇಢೆಗೆ ಹೋಗಿ, ಹಾಡು ಕೇಳಲು ಹೋಗಿ. ಹುಬ್ಬಳ್ಳಿ ಸ್ವಲ್ಪ ಒಣ, ಆದರೆ ರಸ್ತೆಯ ಧೂಳು, ಗಾಡಿಯ ಹೊಗೆ. ಹಾವೇರಿ ಕಡೆ ಮನೆ ಸಿಕ್ಕಿತು ಅಂತ ಬ್ಯಾಡಗಿಗೆ ಹೋದೀರಿ ಮತ್ತೆ! ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಮಾರುಕಟ್ಟೆಯ ಬೀದಿಯಲ್ಲಿ ಗಟ್ಟಿಮುಟ್ಟಾದವರೇ ಸೀನುತ್ತಾರೆ.

ಗದಗಿನ ಗಾಳಿ ಶುದ್ಧ ಅಂತ ಪೇಪರಿನಲ್ಲಿ ಓದಿರುತ್ತೀರಿ. ಆ ಅಂಕಿ ಹೊಗೆ, ಸಣ್ಣ ಕಣಗಳ ಲೆಕ್ಕ. ಮಳೆ ಮುಗಿದ ಮೇಲೆ ಖಾಲಿ ಸೈಟಿನ ತುಂಬ ಬಿಳಿ ಹೂ ಬಿಡುವ ಕಾಂಗ್ರೆಸ್ ಕಸದ ಪರಾಗ ಅದರಲ್ಲಿ ಬರುವುದಿಲ್ಲ. ಆಷಾಢದ ಗಾಳಿ ಇಲ್ಲಿ ಹೇಗೆ ಬೀಸುತ್ತದೆ ಅಂತ ತಿಳಿಯಬೇಕಾದರೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರ ನೋಡಿ ಸಾಕು. ನೀರಿನ ವಿಷಯ ಶಿರಸಿಯವರಿಗೆ ಹೇಳಿದರೆ ನಂಬುವುದಿಲ್ಲ: ನಾನು ಬಂದ ವರ್ಷ ನಮ್ಮ ಓಣಿಗೆ ಹನ್ನೆರಡು ದಿನಕ್ಕೊಮ್ಮೆ ನಳ ಬರುತ್ತಿತ್ತು. ನೀರು ಬಿಟ್ಟ ರಾತ್ರಿ ಓಣಿಗೆ ಓಣಿಯೇ ಎದ್ದು ಕೂರುತ್ತದೆ. ಜಿಲ್ಲೆಯ ಎಷ್ಟೋ ಕಡೆ ಬೋರಿನ ನೀರಿಗೆ ಫ್ಲೋರೈಡ್ ಕಾಟ ಇದೆ. ಮನೆ ನೋಡುವಾಗ ಕಿಟಕಿ ಆಮೇಲೆ ನೋಡಿ, ಮೊದಲು ತೊಟ್ಟಿ ನೋಡಿ.

ಎಲ್ಲರೂ ಡಿಸೆಂಬರಿನಲ್ಲೋ ಜನವರಿಯಲ್ಲೋ ಬಂದು ನೋಡಿ ಒಪ್ಪುತ್ತಾರೆ. ಆ ತಿಂಗಳಲ್ಲಿ ನಿಮ್ಮ ಶಿರಸಿಯಲ್ಲೂ ಉಬ್ಬಸ ಕಮ್ಮಿಯೇ ಅಲ್ಲವೇ? ಮಾರ್ಚಿನ ರಾಶಿಯ ಹೊತ್ತಿಗೆ ಹದಿನೈದು ದಿನ, ಸೆಪ್ಟೆಂಬರಿನಲ್ಲಿ ಹದಿನೈದು ದಿನ ಬಾಡಿಗೆ ಕೋಣೆಯಲ್ಲಿ ಇದ್ದು ನೋಡಿ. ತೋಟ ಮಾರುವ ಮಾತು ಈಗ ಬೇಡವೇ ಬೇಡ. ಶಿರಸಿಯ ಮನೆಯಲ್ಲಿ ಹತ್ತಿಯ ಹಾಸಿಗೆ ತೆಗೆದು, ಗೋಡೆಯ ಸೋರಿಕೆ ಕಟ್ಟಿ, ದಿನಾ ಪಂಪು ಎಳೆದು ಒಂದು ಮಳೆಗಾಲ ಕಳೆದಿದ್ದೀರಾ? ಪ್ರಶ್ನೆಯಲ್ಲಿ ಔಷಧದ ಮಾತೇ ಇಲ್ಲ, ನನಗೆ ಅದೇ ಚಿಂತೆ.

ನೆಮ್ಮದಿಯ ಬಗ್ಗೆ ಕೇಳಿದ್ದೀರಿ. ಮೊದಲ ವರ್ಷ ಕಡಲಿನ ಸದ್ದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ, ತಾಜಾ ಬಂಗಡೆ ನೆನೆಸಿಕೊಂಡು ಖಡಕ್ ರೊಟ್ಟಿ ಮುರಿಯುತ್ತಿದ್ದೆ. ಈಗ ಸಂಜೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಕಡೆ ಹೋಗುತ್ತೇನೆ. ಹುಡುಗರು ಹಾರ್ಮೋನಿಯಂ ಇಟ್ಟುಕೊಂಡು ಒಂದೇ ಪಲಟವನ್ನು, ಅಂದರೆ ಸ್ವರದ ಸಾಲನ್ನು, ಐವತ್ತು ಸಲ ತಿದ್ದುತ್ತಿರುತ್ತಾರೆ. ಕೇಳುತ್ತ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಇದು ಒಣ ಹವೆಯ ಪುಣ್ಯ ಅಂತ ಹೇಳಿದರೆ ಸುಳ್ಳಾಗುತ್ತದೆ.

ಬರುವುದಾದರೆ ನೀಲಿ ಪಂಪು ಎರಡು ತನ್ನಿ. ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ, ಏಪ್ರಿಲ್ ಬಿಸಿಲಿಗೆ ಅದರೊಳಗಿನ ಔಷಧ ಕೆಡುತ್ತದೆ. ನಾನು ಅಂಗಿಯ ಜೇಬಿನಲ್ಲಿ ಇಡುತ್ತೇನೆ, ಪೆನ್ನಿನ ಪಕ್ಕ.