ಪರಿಚಿತರ ಕಣ್ಣಿಗೆ ಬೀಳದಂತೆ ಸಭೆಗೆ ಹೋಗುವ ಬಗ್ಗೆ

ನೀವು ಚಿಂತಾಮಣಿಯವರು. ಕುಡಿತ ಬಿಡಬೇಕೆಂದಿದ್ದೀರಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆ ಹತ್ತಿರದಲ್ಲೇ ಇದ್ದರೂ, ಪರಿಚಿತರು ನೋಡಿಯಾರೆಂಬ ಅಂಜಿಕೆಯಿಂದ ಬೆಂಗಳೂರಿನ ಸಭೆಗೆ ಹೋಗುವುದು ಮೇಲಲ್ಲವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ಶಿಡ್ಲಘಟ್ಟದಲ್ಲಿ ಕುಳಿತು ನಾನೂ ಹೀಗೆಯೇ ಲೆಕ್ಕ ಹಾಕಿದ್ದೆ. ಯಾರನ್ನೂ ಕೇಳದೆ ಬೆಂಗಳೂರಿಗೇ ಹೋದೆ.

ಆಗ ನಾನು ರೇಷ್ಮೆ ರೀಲರ್ ಆಗಿದ್ದೆ. ಬೆಳಿಗ್ಗೆ ಗೂಡಿನ ಹರಾಜು, ಹಗಲೆಲ್ಲ ನೂಲು ಬಿಚ್ಚಾಣಿಕೆ, ನೂಲು ಮಾರಿದ ದಿನ ಕೈತುಂಬ ಹಣ. ಕುಡಿತ ಹೇಗೆ ಅಂಟಿತೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬಿಡಬೇಕೆನಿಸಿದಾಗ, ವಿಜಯಪುರ, ದೇವನಹಳ್ಳಿ ಮಾರ್ಗವಾಗಿ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಪ್ರತಿ ಭಾನುವಾರ ಹೋಗಿ, ಕೊನೆಯ ಸಾಲಿನಲ್ಲಿ ಕುಳಿತು, ಸಭೆ ಮುಗಿದ ಕೂಡಲೇ ಬಸ್ಸಿನ ನೆಪ ಹೇಳಿ ಎದ್ದುಬರುತ್ತಿದ್ದೆ. ಐದು ತಿಂಗಳು ಕುಡಿಯಲಿಲ್ಲ.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ದೂರ ಹೋದದ್ದು ತಪ್ಪು ಎಂದಷ್ಟೇ ಹೇಳಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಊರಿನವರಿಗೆ ಗುರುತು ಸಿಗಬಾರದೆಂದು ಹೋದವನು ಅಲ್ಲಿದ್ದವರಿಗೂ ಗುರುತು ಸಿಗದವನಾಗಿಯೇ ಉಳಿದೆ. ಸಭೆಯೆಂದರೆ ಒಂದು ಗಂಟೆಯ ಮಾತುಕತೆ ಎಂದು ತಿಳಿದಿದ್ದೆ. ಆದರೆ ಅದು ಮುಗಿದ ಮೇಲೆ ಟೀ ಲೋಟ ಹಿಡಿದು ನಿಲ್ಲುವ ಅರ್ಧ ಗಂಟೆಯಲ್ಲಿಯೇ ಹೊಸಬರಿಗೆ ಫೋನ್ ನಂಬರುಗಳು ಸಿಗುವುದು, ಹಳಬರೊಬ್ಬರು ಸ್ಪಾನ್ಸರ್ ಆಗಿ ಜೊತೆಗೆ ನಿಲ್ಲಲು ಒಪ್ಪುವುದು, ಎರಡು ವಾರ ಕಾಣದಿದ್ದರೆ ಏನಾಯಿತೆಂದು ವಿಚಾರಿಸುವ ಮನುಷ್ಯರು ಹುಟ್ಟಿಕೊಳ್ಳುವುದು. ಆ ಅರ್ಧ ಗಂಟೆಯನ್ನು ನಾನು ಐದು ತಿಂಗಳೂ ಬಸ್ಸಿಗೆ ಕೊಟ್ಟೆ. ಹೀಗಾಗಿ ಒಂದು ಮಂಗಳವಾರ ಸಂಜೆ, ನೂಲಿನ ಬೆಲೆ ಬಿದ್ದು, ಸಾಲದ ಮಾತು ಕೇಳಿಸಿಕೊಂಡು ಮಾರುಕಟ್ಟೆಯಿಂದ ಹೊರಬಂದಾಗ, ಭಾನುವಾರಕ್ಕೆ ಐದು ದಿನಗಳಿದ್ದವು. ಕರೆ ಮಾಡಬಹುದಾದ ಒಂದು ಹೆಸರೂ ನನ್ನ ಫೋನಿನಲ್ಲಿರಲಿಲ್ಲ. ಬಾರು ಮಾತ್ರ ರಸ್ತೆಯಾಚೆಯೇ ಇತ್ತು.

ಕುಡಿದದ್ದಕ್ಕಿಂತ ಅದನ್ನು ಮುಚ್ಚಿಟ್ಟದ್ದು ಹೆಚ್ಚು ದುಬಾರಿಯಾಯಿತು. ವಾರವಿಡೀ ಕುಡಿದು, ಭಾನುವಾರ ಏನೂ ಆಗದವನಂತೆ ಅದೇ ಕುರ್ಚಿಯಲ್ಲಿ ಕೂರಬೇಕೆಂದು ಒಮ್ಮೆ ಶುಕ್ರವಾರ ರಾತ್ರಿ ಥಟ್ಟನೆ ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ಬಸ್ಸು ವಿಜಯಪುರ ದಾಟುವಾಗ ನನಗೆ ಫಿಟ್ಸ್ ಬಂತು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಹೀಗಾಗಬಹುದೆಂದೂ, ಅನಂತರ ನಡುಕ, ಜ್ವರ, ಇಲ್ಲದ್ದು ಕಣ್ಣಿಗೆ ಕಾಣುವ ಸನ್ನಿ ಹಿಡಿದು ಪ್ರಾಣವೇ ಹೋಗಬಹುದೆಂದೂ ವೈದ್ಯರು ಹೇಳಿದರು. ಕೆಲವು ದಿನಗಳ ಮಾತ್ರೆ ಮತ್ತು ವಿಟಮಿನ್ ಬಿ1 ಇಂಜೆಕ್ಷನ್‌ಗಳಿಂದ ತಪ್ಪಿಸಬಹುದಾಗಿದ್ದ ಸಂಗತಿಯದು. ಸಭೆಯ ಯಾವ ಹಳಬರಾದರೂ ಟೀ ಮುಗಿಯುವಷ್ಟರಲ್ಲಿ ಹೇಳಿಬಿಡುತ್ತಿದ್ದರು. ಆ ವರ್ಷವೇ ಯಂತ್ರ ಮಾರಿ, ಬೇರೆಯವರ ಘಟಕದಲ್ಲಿ ಕೂಲಿಗೆ ನಿಂತೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೀವು ಕುಡಿಯುತ್ತೀರೆಂಬುದು ಊರಿಗೆ ಗುಟ್ಟೇ? ಗೂಡಿನ ಮಾರುಕಟ್ಟೆಯ ಚರಂಡಿಯ ಪಕ್ಕದಿಂದ ನನ್ನನ್ನು ಎತ್ತಿ ಮನೆಗೆ ತಲುಪಿಸಿದ್ದವರೇ ನಾನು ಹೆದರುತ್ತಿದ್ದ ಆ ಪರಿಚಿತರು. ಇನ್ನು ಒಳಗೆ ಕುಳಿತವರೆಲ್ಲ ನಿಮ್ಮ ಹಾಗೆಯೇ ಬಂದವರು. ಅಲ್ಲಿ ಶುಲ್ಕವಿಲ್ಲ, ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಕುಡಿತ ಬಿಡುವ ಬಯಕೆಯೊಂದೇ ಸದಸ್ಯನಾಗಲು ಸಾಕು. ಮನೆಯವರೂ ಬರಬಹುದಾದ ತೆರೆದ ಸಭೆಗಳಿವೆ, ಕುಡಿತದ ತೊಂದರೆಯಿರುವವರಿಗೆ ಮಾತ್ರ ಪ್ರವೇಶವಿರುವ ಸಭೆಗಳೂ ಇವೆ. ನೀವು ಎರಡನೆಯದರಿಂದ ಆರಂಭಿಸಿ.

ಈ ಸಂಘ ಹುಟ್ಟಿದ್ದೇ ಹತ್ತಿರದವರೊಬ್ಬರು ಬೇಕೆಂಬ ತುರ್ತಿನಿಂದ. 1935ರ ಮೇ ತಿಂಗಳಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನ ಹೋಟೆಲಿನಲ್ಲಿ, ವ್ಯವಹಾರ ಕೈಕೊಟ್ಟು ನಿಂತಿದ್ದ ಬಿಲ್ ಎಂಬವರು ಬಾರಿನ ಕಡೆ ನಡೆಯುವ ಬದಲು ಫೋನ್ ಹಿಡಿದು, ಅಲ್ಲಿನ ಪಾದ್ರಿಗಳ ಮೂಲಕ ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್, ಅವರು ಕೊನೆಯ ಸಲ ಕುಡಿದ ಜೂನ್ 10ನ್ನೇ ಸಂಘದ ಹುಟ್ಟಿದ ದಿನವೆನ್ನುತ್ತಾರೆ. ಬಿಲ್ ಅವರ ಮನೆಯಿದ್ದದ್ದು ನ್ಯೂಯಾರ್ಕಿನಲ್ಲಿ. ಅವರು ಮನೆಗೆ ಮರಳುವವರೆಗೆ ಕಾಯಲಿಲ್ಲ.

ನಿಲ್ಲಿಸುವ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಎಷ್ಟು ಕುಡಿಯುತ್ತೀರೆಂದು ನಿಜ ಹೇಳಿರಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಫೋನಿನಲ್ಲಿ ನಡೆಯುವ ಆನ್‌ಲೈನ್ ಸಭೆಗಳು ನಡುವಾರಕ್ಕೆ ಆಸರೆಯಾಗುತ್ತವೆ, ಆದರೆ ಅವನ್ನೇ ನೆಚ್ಚಿಕೊಂಡರೆ ಮತ್ತೆ ಕೊನೆಯ ಸಾಲಿನಲ್ಲಿ ಕುಳಿತಂತೆಯೇ. ನಿಮ್ಮ ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯದೇ ಬಳಗವಿದೆ. ನನ್ನ ಹೆಂಡತಿ ನನಗಿಂತ ಮೊದಲೇ ಅಲ್ಲಿ ಹಳಬಳಾದಳು.

ಈಗ ನಾನು ಹೋಗುವ ಸಭೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಯಾವ ಊರೆಂದು ಬರೆಯಲಾರೆ, ಅದು ಅಲ್ಲಿಯವರ ಗುಟ್ಟೂ ಹೌದು. ನೀವು ಮೊದಲ ದಿನ ಹತ್ತು ನಿಮಿಷ ಮುಂಚೆಯೇ ಹೋಗಿರಿ; ಕುರ್ಚಿ ಹಾಕುವವರಿಗೆ ಯಾವಾಗಲೂ ಒಬ್ಬ ಆಳು ಕಡಿಮೆ.